ಹಿರಿಯರೊಂದಿಗೆ ಕೆಲಸ ಮಾಡುವ ಸಮಾಜ ಕಾರ್ಯಕರ್ತರಿಗೆ ವೃತ್ತಿಯ ಆತ್ಮವಿಶ್ವಾಸ ಬರುವುದು ಎಲ್ಲಿಂದ?

ಪ್ರಶ್ನೆ: ಶ್ರೀರಾಮಪುರದ ಕಾರ್ಯಕರ್ತೆ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯವಳು. ಪದವಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಎಂ.ಎಸ್.ಡಬ್ಲ್ಯು. (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ, ಎರಡು ವರ್ಷಗಳಿಂದ ಬೆಂಗಳೂರಿನಲ್ಲಿ ಹಿರಿಯ ನಾಗರಿಕರಿಗಾಗಿ ಇರುವ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಮನೆಭೇಟಿ ಮಾಡುವುದು, ಪಿಂಚಣಿ ಅರ್ಜಿ ಬರೆದುಕೊಡುವುದು, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದು, ಮನೆಯವರನ್ನು ಕೂರಿಸಿ ಮಾತನಾಡಿಸುವುದು ನನ್ನ ದಿನನಿತ್ಯದ ಕೆಲಸ.

ಶ್ರೀರಾಮಪುರ, ಓಕಳಿಪುರದ ಗಲ್ಲಿಗಳಲ್ಲಿ ನನಗೆ ಯಾವ ಅಳುಕೂ ಇಲ್ಲ. ಹಿರಿಯರಿಗೆ ಪಿಂಚಣಿ ಕೊಡುವ ಸಂಧ್ಯಾ ಸುರಕ್ಷಾ ಯೋಜನೆಗೆ 65 ವರ್ಷ ತುಂಬಿರಬೇಕು, ನಾಡಕಚೇರಿಗೆ ಯಾವ ಯಾವ ದಾಖಲೆ ಒಯ್ಯಬೇಕು, ಆಧಾರ್‌ನಲ್ಲಿ ಹುಟ್ಟಿದ ವರ್ಷ ತಪ್ಪಾಗಿದ್ದರೆ ಮೊದಲು ಯಾವುದನ್ನು ಸರಿಪಡಿಸಬೇಕು ಎಂಬುದೆಲ್ಲ ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಅಲ್ಲಿನ ಅಜ್ಜಿಯರು ನನ್ನನ್ನು ಮನೆಮಗಳಂತೆ ಕಾಣುತ್ತಾರೆ. ಆದರೆ ಅದೇ ನಾನು ಜೆ.ಪಿ. ನಗರದ ಅಪಾರ್ಟ್‌ಮೆಂಟ್ ಒಂದರ ಲಿಫ್ಟ್ ಏರಿದ ಕೂಡಲೇ ಬೇರೆಯವಳಾಗಿಬಿಡುತ್ತೇನೆ.

ಕಳೆದ ತಿಂಗಳು ಅಂಥ ಒಂದು ಮನೆಗೆ ಹೋಗಿದ್ದೆ. ಯಜಮಾನರಿಗೆ 78 ವರ್ಷ, ನಿವೃತ್ತ ಇಂಜಿನಿಯರ್. ಅವರ ಪತ್ನಿಗೆ ಮರೆವಿನ ತೊಂದರೆ ಶುರುವಾಗಿದೆ. ಹೊರದೇಶದಲ್ಲಿರುವ ಮಗ ವಿಡಿಯೊ ಕರೆಯಲ್ಲಿ ಬಂದವರು, ನಾನು ಡಾಕ್ಟರೋ, ನರ್ಸೋ, ಅಥವಾ ಸರ್ವೇಗೆ ಬಂದವಳೋ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಯಾವುದೂ ಅಲ್ಲ ಎಂದೆ. ಹಾಗಾದರೆ ನಿಮ್ಮ ಅರ್ಹತೆ ಏನು ಎಂದರು. ಉತ್ತರ ಗೊತ್ತಿದ್ದರೂ ಇಂಗ್ಲಿಷಿನಲ್ಲಿ ಎರಡು ವಾಕ್ಯ ನೆಟ್ಟಗೆ ಹೊರಡಲಿಲ್ಲ. ಅಷ್ಟರಲ್ಲಿ ಯಜಮಾನರೇ, ಇನ್ನೊಬ್ಬ ಮಗನಿಗೆ ಮನೆಯನ್ನು ದಾನಪತ್ರ ಮಾಡಿಕೊಟ್ಟಿದ್ದೇನೆ, ಈಗ ಅವನು ನಮ್ಮನ್ನು ತಿರುಗಿಯೂ ನೋಡುತ್ತಿಲ್ಲ, ಅದನ್ನು ವಾಪಸು ಪಡೆಯಬಹುದೇ ಎಂದು ಕೇಳಿದರು. ಆಫೀಸಿನಲ್ಲಿ ಕೇಳಿ ಹೇಳುತ್ತೇನೆ ಎಂದೆ. "ಪಾಪ, ಆ ಹುಡುಗೀನ ಬಿಡಪ್ಪ" ಎಂದು ಅವರು ಮಗನಿಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ಕೆಳಗೆ ಬಂದು ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಕುಳಿತೆ.

ನಮ್ಮನ್ನು ಜನರು ಗುರುತಿಸುವುದೇ ಕಷ್ಟ ಎಂಬುದು ನನಗೆ ಗೊತ್ತು. ಈ ಊರಿನಲ್ಲಿ "ಸಮಾಜ ಸೇವಕರು" ಎಂದರೆ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಕಟ್ಟಿಸಿಕೊಳ್ಳುವವರು ಎಂದೇ ಅರ್ಥ. ಆದರೂ ಕೇಳುತ್ತಿದ್ದೇನೆ: ಈ ಆತ್ಮವಿಶ್ವಾಸ ಎಂಬುದು ಹುಟ್ಟಿನಿಂದ ಬರುವ ಸ್ವಭಾವವೇ, ವರ್ಷ ಕಳೆದಂತೆ ತಾನಾಗಿ ಬರುತ್ತದೆಯೇ, ಅಥವಾ ಕಲಿಯಬಹುದಾದದ್ದೇ? ನಿಮ್ಮಲ್ಲಿ ಅನುಭವಸ್ಥರು ಏನು ಮಾಡಿದಿರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಮೇಲ್ವಿಚಾರಕಿ, ಬಸವನಗುಡಿ

ನಿಮ್ಮ ಪ್ರಶ್ನೆಯೊಳಗೇ ಅರ್ಧ ಉತ್ತರವಿದೆ. ಶ್ರೀರಾಮಪುರದಲ್ಲಿ ಅಳುಕಿಲ್ಲ, ಜೆ.ಪಿ. ನಗರದಲ್ಲಿ ಅಳುಕುತ್ತೇನೆ ಎಂದು ನೀವೇ ಬರೆದಿದ್ದೀರಿ. ಸ್ವಭಾವವೇ ಕಾರಣವಾಗಿದ್ದರೆ ಎರಡೂ ಕಡೆ ಒಂದೇ ಥರ ಇರಬೇಕಿತ್ತು. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಮುಂದಿಟ್ಟ ವಿಚಾರದ ತಿರುಳೂ ಇದೇ. "ನಾನು ಇದನ್ನು ಮಾಡಬಲ್ಲೆ" ಎಂಬ ನಂಬಿಕೆ ಇಡೀ ವ್ಯಕ್ತಿಗೆ ಅಂಟಿಕೊಂಡ ಗುಣವಲ್ಲ, ಒಂದೊಂದು ಕೆಲಸಕ್ಕೆ ಒಂದೊಂದಾಗಿ ಬೆಳೆಯುವಂಥದ್ದು. ಅದಕ್ಕೆ ಅವರು ನಾಲ್ಕು ಮೂಲಗಳನ್ನು ಹೇಳಿದರು: ಸ್ವತಃ ಮಾಡಿ ಗೆದ್ದ ಅನುಭವ, ನಮ್ಮಂಥವರೇ ಮಾಡುವುದನ್ನು ಕಣ್ಣಾರೆ ನೋಡುವುದು, ನಾವು ನಂಬುವವರ ಪ್ರೋತ್ಸಾಹದ ಮಾತು, ಮತ್ತು ಆ ಹೊತ್ತಿನಲ್ಲಿ ನಮ್ಮ ಮೈಮನಸ್ಸಿನ ಸ್ಥಿತಿ. ಎದೆ ಹೊಡೆದುಕೊಳ್ಳುವುದನ್ನು "ನನಗೆ ಬರುವುದಿಲ್ಲ" ಎಂದು ಓದಿಕೊಳ್ಳುತ್ತೀರೋ, "ಹೊಸ ಜಾಗ, ಅದಕ್ಕೇ ಹೀಗೆ" ಎಂದುಕೊಳ್ಳುತ್ತೀರೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಈ ನಾಲ್ಕರಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಗಟ್ಟಿ.

ಪಿಂಚಣಿ ಅರ್ಜಿಯನ್ನು ನೀವು ಬಹುಶಃ ನೂರಾರು ಸಲ ಬರೆದಿದ್ದೀರಿ. ದಾನಪತ್ರದ ಪ್ರಶ್ನೆಯನ್ನು ಎಷ್ಟು ಸಲ ಎದುರಿಸಿದ್ದೀರಿ? ಇದೇ ಮೊದಲಿರಬೇಕು. ಮೊದಲ ಸಲ ಅರ್ಜಿ ಬರೆದ ದಿನ ನಿಮ್ಮ ಕೈ ಹೇಗಿತ್ತು ಎಂಬುದನ್ನು ನೆನಪಿಸಿಕೊಳ್ಳಿ.

ಹಾಗಾಗಿ "ಧೈರ್ಯವಾಗಿರು" ಎಂಬ ಉಪದೇಶ ನಿಮಗೆ ಬೇಕಿಲ್ಲ. ಬೇಕಾದದ್ದು ಅಭ್ಯಾಸ, ಅದೂ ಮೂರು ಕಡೆ.

ಮೊದಲನೆಯದು ಪರಿಚಯ. ನನ್ನ ಕೈಕೆಳಗೆ ಬಂದ ಪ್ರತಿಯೊಬ್ಬರಿಂದಲೂ ನಾನು ಇದನ್ನು ಬಾಯಿಪಾಠ ಮಾಡಿಸುತ್ತಿದ್ದೆ: "ನಾನು ಈ ಸಂಸ್ಥೆಯ ಸಮಾಜ ಕಾರ್ಯಕರ್ತೆ. ಔಷಧಿ ಬರೆಯುವುದು ನನ್ನ ಕೆಲಸವಲ್ಲ, ಆಸ್ತಿಯ ವ್ಯಾಜ್ಯದಲ್ಲಿ ತೀರ್ಪು ಹೇಳುವುದೂ ನನ್ನ ಕೆಲಸವಲ್ಲ. ನಿಮ್ಮ ದಿನ ಹೇಗೆ ನಡೆಯುತ್ತಿದೆ, ಅದರಲ್ಲಿ ಎಲ್ಲಿ ತೊಡಕಾಗಿದೆ ಎಂದು ನಿಮ್ಮೊಂದಿಗೆ ಕುಳಿತು ನೋಡಿ, ಡಾಕ್ಟರ್, ಸರ್ಕಾರ, ಮನೆಯವರು, ಇವರಲ್ಲಿ ಯಾರಿಂದ ಏನಾಗಬೇಕೋ ಅದನ್ನು ಆಗುವಂತೆ ಮಾಡುವುದು ನನ್ನ ಕೆಲಸ." ನಮ್ಮ ಕೆಲಸ ಯಾವುದಲ್ಲ ಎಂದು ನಾವೇ ಮೊದಲು ಹೇಳಿಬಿಟ್ಟರೆ, "ಡಾಕ್ಟರಾ, ನರ್ಸಾ" ಎಂಬ ಪ್ರಶ್ನೆ ಪರೀಕ್ಷೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಇದನ್ನು ಕನ್ನಡಿಯ ಮುಂದೆ ಹೇಳಬೇಡಿ, ಒಬ್ಬ ಸಹೋದ್ಯೋಗಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿ. ಅವರು ವಿಡಿಯೊ ಕರೆಯ ಮಗನ ಪಾತ್ರ ವಹಿಸಲಿ, ಆದಷ್ಟೂ ಕಾಡಲಿ. ನಾಲ್ಕೈದು ಸಲ ಹೀಗೆ ಮಾಡಿದರೆ ನಾಲಿಗೆ ಹೊರಳುತ್ತದೆ.

ಎರಡನೆಯದು ಇಂಗ್ಲಿಷ್. ಇದು ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಜಿಲ್ಲೆಗಳ ಮಕ್ಕಳ ಗುಟ್ಟಿನ ನೋವು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನೀವು ಹೇಳಿದಿರಿ, ಒಳ್ಳೆಯದಾಯಿತು. "ಸಾರ್, ಕನ್ನಡದಲ್ಲಾದರೆ ವಿಷಯವನ್ನು ಸರಿಯಾಗಿ ಹೇಳಬಲ್ಲೆ. ನಿಮಗೆ ಬೇಕಾದರೆ ಸಂಜೆಯೊಳಗೆ ಇಂಗ್ಲಿಷಿನಲ್ಲಿ ಬರೆದು ಕಳುಹಿಸುತ್ತೇನೆ" ಎಂದು ಸಮಾಧಾನದಿಂದ ಹೇಳಿ, ಸಂಜೆಯೊಳಗೆ ನಿಜವಾಗಿಯೂ ಕಳುಹಿಸಿ. ಬರವಣಿಗೆಯನ್ನು ಯಾರಿಂದಲಾದರೂ ತಿದ್ದಿಸಲು ನಿಮಗೆ ಸಮಯ ಸಿಗುತ್ತದೆ. ಆ ಮಗನಿಗೂ ಬೇಕಾಗಿರುವುದು ತನ್ನ ತಂದೆತಾಯಿಯ ಸ್ಥಿತಿಯ ವರದಿ, ನಿಮ್ಮ ಉಚ್ಚಾರಣೆಯಲ್ಲ. ಸಾವಿರಾರು ಮೈಲಿ ದೂರದಲ್ಲಿ ಕುಳಿತು ಅಪ್ಪ ಅಮ್ಮನ ಮನೆಗೆ ಅಪರಿಚಿತರು ಬಂದಿದ್ದಾರೆ ಎಂದಾಗ ಯಾರಾದರೂ ಮೊದಲು ಅರ್ಹತೆಯನ್ನೇ ಕೇಳುತ್ತಾರೆ. ನಾನಾದರೂ ಕೇಳುತ್ತಿದ್ದೆ.

ಮೂರನೆಯದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಬಗೆ. "ಆಫೀಸಿನಲ್ಲಿ ಕೇಳಿ ಹೇಳುತ್ತೇನೆ" ಎಂದದ್ದು ತಪ್ಪಲ್ಲ, ಅರೆಬರೆ ಬಿಟ್ಟದ್ದು ತಪ್ಪು. ಯಾರನ್ನು ಕೇಳುತ್ತೀರಿ, ಯಾವ ದಿನ ಹೇಳುತ್ತೀರಿ, ಅಷ್ಟರಲ್ಲಿ ಅವರು ಯಾವ ಕಾಗದ ಹುಡುಕಿಡಬೇಕು ಎಂಬ ಮೂರು ಮಾತು ಸೇರಿದ್ದರೆ ಅದೇ ಉತ್ತರ ವೃತ್ತಿಪರವಾಗುತ್ತಿತ್ತು. ನಿಮ್ಮ ಡೈರಿಯ ಹಿಂಪುಟದಲ್ಲಿ ಹಿರಿಯರ ಸಹಾಯವಾಣಿ 1090, ರಾಷ್ಟ್ರೀಯ ಎಲ್ಡರ್‌ಲೈನ್ 14567, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇವು ಇರಲಿ. ಅವುಗಳ ಜೊತೆಗೆ, ಕಾನೂನಿನ ಪ್ರಶ್ನೆಗೆ ಒಬ್ಬರು, ಮರೆವಿನ ಪ್ರಶ್ನೆಗೆ ಒಬ್ಬರು, ಕಂದಾಯದ ಕಾಗದಗಳಿಗೆ ಒಬ್ಬರು ಎಂದು ಮೂವರು ಬಲ್ಲವರ ಹೆಸರೂ ಇರಲಿ. ಇಪ್ಪತ್ತು ವರ್ಷ ಮಾಡಿದ ಮೇಲೂ ನಾನು ಆ ಪುಟ ನೋಡಿಯೇ ಮಾತನಾಡುತ್ತಿದ್ದೆ.

ಕೊನೆಗೆ ನಿಮಗೊಂದು ಪ್ರಶ್ನೆ. ಆ ದಿನ ಬಸ್ ನಿಲ್ದಾಣದಿಂದ ಕಚೇರಿಗೆ ಹಿಂತಿರುಗಿದ ಮೇಲೆ ನಿಮ್ಮ ಮೇಲ್ವಿಚಾರಕರ ಹತ್ತಿರ ಇದನ್ನು ಹೇಳಿದಿರಾ? ನಮ್ಮ ವೃತ್ತಿಯಲ್ಲಿ ಮೇಲ್ವಿಚಾರಣೆ ಎಂಬುದಕ್ಕೆ ಮೂರು ಕೆಲಸಗಳಿವೆ ಎಂದು ಪಾಠದಲ್ಲಿ ಓದಿರುತ್ತೀರಿ: ಆಡಳಿತ, ಕಲಿಕೆ, ಆಸರೆ. ಬಹಳಷ್ಟು ಕಡೆ ಮೊದಲನೆಯದು ಮಾತ್ರ ಉಳಿದಿದೆ. ತಿಂಗಳಿಗೆ ಎಷ್ಟು ಮನೆಭೇಟಿ, ಎಷ್ಟು ಫಲಾನುಭವಿಗಳು ಎಂದು ಸಂಖ್ಯೆ ತುಂಬಿಸಿಕೊಂಡರೆ ಮುಗಿಯಿತು. ನಿಮ್ಮಲ್ಲೂ ಹಾಗೆಯೇ ಇದ್ದರೆ, ಕೆಲಸ ಬಲ್ಲ ಇಬ್ಬರು ಗೆಳತಿಯರನ್ನು ಸೇರಿಸಿಕೊಂಡು ವಾರಕ್ಕೊಂದು ಗಂಟೆ ನೀವೇ ಕುಳಿತುಕೊಳ್ಳಿ. ಮನೆಯವರ ಹೆಸರು, ವಿಳಾಸ ಎತ್ತದೆ ಪ್ರಕರಣವನ್ನಷ್ಟೇ ಚರ್ಚಿಸಿ.

ಉತ್ತರ 2: ವೈದ್ಯಕೀಯ ಸಮಾಜ ಕಾರ್ಯಕರ್ತ

ಮೇಡಂ ಬರೆದದ್ದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ನಾಣ್ಯದ ಇನ್ನೊಂದು ಮುಖವನ್ನೂ ನೀವು ನೋಡಬೇಕು. ಹಿರಿಯರೊಂದಿಗಿನ ಕೆಲಸದಲ್ಲಿ ಆತ್ಮವಿಶ್ವಾಸ ಕಡಿಮೆಯಾಗಿ ಆಗುವ ಅನಾಹುತಕ್ಕಿಂತ, ಅದು ಅಳತೆ ಮೀರಿ ಆಗುವ ಅನಾಹುತ ದೊಡ್ಡದು. ನನ್ನದೇ ಉದಾಹರಣೆ ಹೇಳುತ್ತೇನೆ.

ಸೇವೆಗೆ ಸೇರಿ ಆರನೆಯ ವರ್ಷ. ಮರೆವಿನ ಕಾಯಿಲೆಯ ಬಗ್ಗೆ ತರಬೇತಿ ಪಡೆದಿದ್ದೆ, ನಾಲ್ಕು ಕಡೆ ಭಾಷಣವನ್ನೂ ಮಾಡಿದ್ದೆ. ಎಪ್ಪತ್ತು ದಾಟಿದ ಒಬ್ಬ ತಾತನನ್ನು ವಾರ್ಡಿಗೆ ಕರೆತಂದಿದ್ದರು. ಮಗಳನ್ನು ಹೆಂಡತಿಯ ಹೆಸರಿನಿಂದ ಕರೆಯುತ್ತಿದ್ದರು, ರಾತ್ರಿಯೆಲ್ಲ ಎದ್ದು ಕೂರುತ್ತಿದ್ದರು, ಹಾಸಿಗೆಯ ಮೇಲೆ ಇಲ್ಲದ ಏನನ್ನೋ ಹೆಕ್ಕುತ್ತಿದ್ದರು. ನಾನು ಮಗಳನ್ನು ಕೂರಿಸಿಕೊಂಡು ಡಿಮೆನ್ಷಿಯಾ ಎಂದರೇನು, ಅದು ಹೇಗೆ ಮುಂದುವರಿಯುತ್ತದೆ, ಆರೈಕೆ ಮಾಡುವವರು ಏನೇನು ಸಿದ್ಧತೆ ಮಾಡಿಕೊಳ್ಳಬೇಕು ಎಂದು ಮುಕ್ಕಾಲು ಗಂಟೆ ಬಹಳ ಚೆನ್ನಾಗಿ ಮಾತನಾಡಿದೆ. ಆಕೆ ಅತ್ತರು. ಮನೆಗೆ ಹೋಗಿ ಅಣ್ಣನೊಂದಿಗೆ ಮಾತನಾಡಿ ವೃದ್ಧಾಶ್ರಮವೊಂದರಲ್ಲಿ ಠೇವಣಿ ಎಷ್ಟೆಂದು ವಿಚಾರಿಸಿಕೊಂಡೂ ಬಂದರು.

ನಾನು ಕೇಳದೇ ಬಿಟ್ಟಿದ್ದ ಪ್ರಶ್ನೆಯನ್ನು ರಾತ್ರಿ ಪಾಳಿಯ ನರ್ಸ್ ಕೇಳಿದ್ದರು: "ಹೀಗೆ ಯಾವಾಗಿನಿಂದ ಆಗ್ತಿದೆ?" ಮೂರು ದಿನದಿಂದ. ಹಿಂದಿನ ವಾರ ಅದೇ ತಾತ ಒಬ್ಬರೇ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ತುಂಬಿಸಿಕೊಂಡು ಬಂದಿದ್ದರು. ರಕ್ತದಲ್ಲಿ ಸೋಡಿಯಂ ಅಂಶ ಇಳಿದಿತ್ತು, ಜೊತೆಗೆ ಮೂತ್ರದ ಸೋಂಕಿತ್ತು. ಅದು ಡೆಲಿರಿಯಂ. ಚಿಕಿತ್ಸೆಯಾದ ಮೇಲೆ ವಾರದೊಳಗೆ ಅವರು ನನ್ನನ್ನೇ "ನಿಮ್ಮ ಊರು ಯಾವುದು" ಎಂದು ಮಾತನಾಡಿಸಿದರು. ಡಿಮೆನ್ಷಿಯಾ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಏರುವಂಥದ್ದು. ಗಂಟೆ, ದಿನಗಳಲ್ಲಿ ಥಟ್ಟನೆ ಬಂದು, ಬೆಳಿಗ್ಗೆ ಒಂದು ಥರ ಸಂಜೆ ಒಂದು ಥರ ಇರುವ ಗೊಂದಲ ಬೇರೆಯದೇ, ಅದು ತುರ್ತು ವೈದ್ಯಕೀಯ ವಿಷಯ. ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದೆ ಎಂಬ ಹುಮ್ಮಸ್ಸಿನಲ್ಲಿಯೇ ಕೇಳಲಿಲ್ಲ.

ಆ ಮಗಳ ಹತ್ತಿರ ಹೋಗಿ ನನ್ನ ತಪ್ಪನ್ನು ಒಪ್ಪಿಕೊಂಡು ಮಾತನಾಡಿದ ಹತ್ತು ನಿಮಿಷ, ನಾನು ಮಾಡಿದ ಎಲ್ಲ ಭಾಷಣಗಳಿಗಿಂತ ಕಷ್ಟದ್ದಾಗಿತ್ತು. ಆಮೇಲೆ ನನ್ನ ಫೈಲಿನ ಮೊದಲ ಹಾಳೆಯಲ್ಲಿ "ಯಾವಾಗಿನಿಂದ?" ಎಂಬ ಪದವನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳುವ ರೂಢಿ ಮಾಡಿಕೊಂಡೆ. ಕಿವಿ ಕೇಳಿಸದವರನ್ನು ಮರೆವಿನವರೆಂದೂ, ಖಿನ್ನತೆಯಿಂದ ಮಾತು ಬಿಟ್ಟವರನ್ನು "ವಯಸ್ಸಾಯಿತಲ್ಲ" ಎಂದೂ ತಳ್ಳಿಹಾಕುವುದು ಇದೇ ಜಾತಿಯ ತಪ್ಪು. ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಡಿಮೆನ್ಷಿಯಾ ಇರುವವರು ಶೇ. 7.4ರಷ್ಟು ಎಂದು ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ಅಂದರೆ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಅದು ಇಲ್ಲ.

ಅಳತೆಗೋಲುಗಳ ಬಗ್ಗೆಯೂ ಒಂದು ಮಾತು. ಹೊಸಬರಿಗೆ ಪ್ರಶ್ನಾವಳಿ ಒಂದು ಊರುಗೋಲು ಎಂಬುದು ನಿಜ. 15 ಪ್ರಶ್ನೆಗಳ ಹಿರಿಯರ ಖಿನ್ನತೆಯ ಮಾಪಕವನ್ನಾಗಲಿ, ಸ್ನಾನ, ಉಡುಪು, ಶೌಚ, ಎದ್ದು ಓಡಾಡುವುದು, ಮಲಮೂತ್ರದ ಹಿಡಿತ, ಊಟ ಎಂಬ ಆರು ಅಂಶಗಳಲ್ಲಿ ಹಿರಿಯರು ಎಷ್ಟನ್ನು ಸ್ವತಃ ಮಾಡಿಕೊಳ್ಳಬಲ್ಲರು ಎಂದು ಅಳೆಯುವ ಕಾಟ್ಜ್ ಸೂಚಿಯನ್ನಾಗಲಿ ಚೆನ್ನಾಗಿ ಬಳಸಲು ಕಲಿತರೆ, ಡಾಕ್ಟರ ಮುಂದೆ ನಿಂತು "ಅವರು ಸ್ವಲ್ಪ ಡಲ್ಲಾಗಿದ್ದಾರೆ" ಎನ್ನುವ ಬದಲು ಖಚಿತವಾಗಿ ನಾಲ್ಕು ಮಾತು ಹೇಳಬಹುದು, ಅವರೂ ಕಿವಿಗೊಟ್ಟು ಕೇಳುತ್ತಾರೆ. ಆದರೆ ಅದರಿಂದ ಸಿಗುವುದು ಸುಳಿವು ಮಾತ್ರ. ರೋಗನಿರ್ಣಯ ನಮ್ಮದಲ್ಲ.

ಉತ್ತರ 3: ಮಲ್ಲೇಶ್ವರದ ಓದುಗರು

ನಾನು ನಿಮ್ಮ ವೃತ್ತಿಯವಳಲ್ಲ. ನಿವೃತ್ತ ಶಿಕ್ಷಕಿ, ನನಗೀಗ 76 ವರ್ಷ, ಒಬ್ಬಳೇ ಇದ್ದೇನೆ. ಬಾಗಿಲಿನ ಒಳಗಡೆಯಿಂದ ನೀವೆಲ್ಲ ಹೇಗೆ ಕಾಣುತ್ತೀರಿ ಎಂದು ಹೇಳುವವರು ಇಲ್ಲಿ ಯಾರೂ ಇಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ತಪ್ಪೊಪ್ಪಿಗೆ. ನಾವು ನಿಮ್ಮನ್ನು ಬೇಕೆಂದೇ ಪರೀಕ್ಷಿಸುತ್ತೇವೆ. ಮೊಮ್ಮಗಳ ವಯಸ್ಸಿನ ಹುಡುಗಿ ಫೈಲು ಹಿಡಿದು ಬಂದು "ನಿಮ್ಮ ಕಷ್ಟ ಹೇಳಿ" ಎಂದರೆ, ನಲವತ್ತು ವರ್ಷ ಬೇರೆಯವರ ಮಕ್ಕಳ ಕಷ್ಟ ಕೇಳಿದವಳಿಗೆ ಸುಮ್ಮನೆ ಬಾಯಿ ಬರುವುದಿಲ್ಲ. ಎರಡು ಸುಳ್ಳು ಕಷ್ಟ ಹೇಳಿ, ಏನು ಮಾಡುತ್ತಾರೋ ನೋಡೋಣ ಎಂದು ಕಾಯುತ್ತೇವೆ. ಆ ನಿವೃತ್ತ ಇಂಜಿನಿಯರ್ ದಾನಪತ್ರದ ವಿಚಾರವನ್ನು ನಿಮ್ಮ ಮುಂದೆ ಎತ್ತಿದರು ಎಂದರೆ ಅವರು ನಿಮ್ಮನ್ನು ಅರ್ಧ ನಂಬಿದ್ದಾರೆ ಎಂದೇ ನನಗನ್ನಿಸುತ್ತದೆ. ಮಗನ ಮೇಲಿನ ದೂರನ್ನು ನಮ್ಮ ಕಾಲದವರು ಬೀದಿಯಲ್ಲಿ ಸಿಕ್ಕವರಿಗೆ ಹೇಳುವುದಿಲ್ಲ. "ಪಾಪ" ಎಂದದ್ದು ನಿಮ್ಮನ್ನು ಕೀಳಾಗಿಸಲು ಇರಲಾರದು, ಮಗನ ಬಾಯಿ ಮುಚ್ಚಿಸಲು ಇರಬೇಕು.

ನಮ್ಮ ಮನೆಗೆ ಮೊದಲು ಬಂದ ಕಾರ್ಯಕರ್ತೆಗೆ ಎಲ್ಲವೂ ಗೊತ್ತಿತ್ತು. ಕುರ್ಚಿಯಲ್ಲಿ ಕೂರುವ ಮೊದಲೇ "ಅಜ್ಜೀ, ಮಾತ್ರೆ ತಗೊಂಡ್ರಾ" ಎಂದು ಮಗುವಿಗೆ ಹೇಳುವಂತೆ ರಾಗ ಎಳೆದರು. ಮಾತ್ರೆ ನನಗೆ ನಾಲ್ಕಿವೆ, ಹೆಸರು ಸಮೇತ ಗೊತ್ತು. ಎರಡನೆಯವರು ಬಾಗಿಲಲ್ಲಿಯೇ "ನಿಮ್ಮನ್ನು ಏನೆಂದು ಕರೆಯಲಿ?" ಎಂದು ಕೇಳಿದರು. ಅರವತ್ತು ದಾಟಿದ ಮೇಲೆ ಆ ಪ್ರಶ್ನೆಯನ್ನು ನನ್ನನ್ನು ಕೇಳಿದವರು ಅವರೊಬ್ಬರೇ. ಮೇಷ್ಟ್ರಮ್ಮ ಎನ್ನಿ ಎಂದೆ. ಕಿಟಕಿಯ ಬೆಳಕು ತಮ್ಮ ಮುಖದ ಮೇಲೆ ಬೀಳುವಂತೆ ಕುಳಿತರು. ನನಗೆ ಎಡಗಿವಿ ಮಂದ ಎಂದು ಹೇಳುವ ಮೊದಲೇ ಬಲಕ್ಕೆ ಸರಿದರು. ನನ್ನ ಬ್ಯಾಂಕಿನ ಒಂದು ತೊಡಕಿನ ಬಗ್ಗೆ ಕೇಳಿದಾಗ, "ಇದು ನನಗೆ ಗೊತ್ತಿಲ್ಲ ಮೇಷ್ಟ್ರಮ್ಮ, ಮಂಗಳವಾರ ತಿಳಿದುಕೊಂಡು ಬರುತ್ತೇನೆ" ಎಂದರು. ಮಂಗಳವಾರ ಜೋರು ಮಳೆ. ಎಂಟನೇ ಕ್ರಾಸಿನಲ್ಲಿ ನೀರು ನಿಂತಿತ್ತು. ಬಂದರು. ಕೊಡೆ ಹೊರಗಿಟ್ಟು, ತಂದ ಉತ್ತರ ಅರ್ಧ ಮಾತ್ರ ಎಂದೂ ಹೇಳಿದರು. ಅವರಿಗೆ ಆತ್ಮವಿಶ್ವಾಸ ಎಷ್ಟಿತ್ತೋ ನನಗೆ ತಿಳಿಯದು. ನನ್ನ ಮನೆಯ ಬೀಗದ ಇನ್ನೊಂದು ಕೈ ಈಗ ಅವರು ಹೇಳಿದ ಜಾಗದಲ್ಲಿದೆ, ಅಷ್ಟು ಹೇಳಬಲ್ಲೆ.

ಇನ್ನೊಂದು ವಿಚಾರ. ಬಂದವರಿಗೆ ಕಾಫಿ ಕೊಟ್ಟರೆ ಬೇಡ ಎನ್ನುವ ನಿಯಮ ನಿಮ್ಮ ಸಂಸ್ಥೆಗಳಲ್ಲಿ ಇರುತ್ತದಂತೆ. ಉಡುಗೊರೆ ಬೇಡವೆಂಬುದು ಸರಿ. ಅರ್ಧ ಲೋಟ ಕಾಫಿಗೆ ಏನು ನಿಯಮವೋ! ನಮಗೂ ಯಾರಿಗಾದರೂ ಏನಾದರೂ ಕೊಡುವ ಅವಕಾಶ ಇರಲಿ.

ಉತ್ತರ 4: ಕ್ಷೇತ್ರ ಬಿಟ್ಟವನು

ಎಲ್ಲರೂ ಒಳ್ಳೆಯ ಮಾತುಗಳನ್ನೇ ಬರೆದಿದ್ದೀರಿ. ಆದರೆ ಈ ಚರ್ಚೆ ಎಲ್ಲ ಭಾರವನ್ನೂ ಆ ಹುಡುಗಿಯ ಹೆಗಲಿಗೇ ಹಾಕುತ್ತಿದೆ. ವಕೀಲರಿಗೆ ಪರಿಷತ್ತಿದೆ, ನರ್ಸುಗಳಿಗಿದೆ, ಔಷಧಿ ಅಂಗಡಿಯವರಿಗೂ ನೋಂದಣಿ ಇದೆ. ಸಮಾಜ ಕಾರ್ಯದ ಶಿಕ್ಷಣ ಈ ದೇಶದಲ್ಲಿ 1936ರಲ್ಲಿ ಮುಂಬಯಿಯಲ್ಲಿ ಶುರುವಾಯಿತು. ಇಷ್ಟು ದಶಕಗಳಾದರೂ ಇಡೀ ವೃತ್ತಿಗೆಂದು ಕಾಯ್ದೆಬದ್ಧವಾದ ಪರಿಷತ್ತು ದೇಶಮಟ್ಟದಲ್ಲಿ ಇಲ್ಲ. "ನಿಮ್ಮ ಅರ್ಹತೆ ಏನು" ಎಂದು ಕೇಳಿದರೆ ತೋರಿಸಲು ನೋಂದಣಿ ಸಂಖ್ಯೆ ಇಲ್ಲದ ಮೇಲೆ, ಧ್ವನಿ ನಡುಗದೆ ಇನ್ನೇನಾಗುತ್ತದೆ?

ನಾನು ನಾಲ್ಕು ವರ್ಷ ದುಡಿದೆ. ಯೋಜನೆಯ ಹಣ ಮುಗಿದಾಗಲೆಲ್ಲ ಹುದ್ದೆಯ ಹೆಸರು ಬದಲಾಗುತ್ತಿತ್ತು: ಒಮ್ಮೆ ಸಂಯೋಜಕ, ಒಮ್ಮೆ ಆಪ್ತಸಮಾಲೋಚಕ, ಒಮ್ಮೆ ಕ್ಷೇತ್ರ ಸಹಾಯಕ. ಕೊನೆಗೆ ನಾನು ಯಾರೆಂದು ನನಗೇ ಗೊತ್ತಾಗದೆ ಖಾಸಗಿ ಕಂಪನಿಯೊಂದರ ಮಾನವ ಸಂಪನ್ಮೂಲ ವಿಭಾಗ ಸೇರಿದೆ. ಸಂಬಳದ ವಿಷಯ ಬರೆಯುವುದಿಲ್ಲ, ಓದುವವರಿಗೆ ಗೊತ್ತೇ ಇದೆ.

ಉತ್ತರ 5: ನಿವೃತ್ತ ಮೇಲ್ವಿಚಾರಕಿ, ಬಸವನಗುಡಿ

ಮೇಲಿನವರ ಕಹಿಯಲ್ಲಿ ಸತ್ಯವಿದೆ, ಅಲ್ಲಗಳೆಯಲಾರೆ. ಅದಕ್ಕೆ ಎರಡು ಸಂಗತಿಗಳನ್ನು ಸೇರಿಸುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಎಂದರೆ ಯಾರು ಎಂಬುದನ್ನು, ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಸಹಿತ, ಸ್ಪಷ್ಟವಾಗಿ ಹೇಳಿದೆ. 2021ರ ಸಂಯೋಜಿತ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ಅನುಸೂಚಿಯಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರ ಹೆಸರೂ ಇದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಬಾಗಿಲು ಅಷ್ಟು ತೆರೆದಿದೆ. ಮನೆ ಮನೆಗೆ ಹೋಗುವ ಸಮುದಾಯದ ಕಾರ್ಯಕರ್ತರಿಗೆ ಇನ್ನೂ ಇಲ್ಲ. ಆದರೆ ಪರಿಷತ್ತು ಬರುವವರೆಗೂ ಆ ಮನೆಯ ಅಮ್ಮನ ಮರೆವು ಕಾಯುವುದಿಲ್ಲವಲ್ಲ!

ಪ್ರಶ್ನೆ ಕೇಳಿದವರಿಂದ

ಎಲ್ಲರ ಮಾತುಗಳನ್ನೂ ಎರಡೆರಡು ಸಲ ಓದಿದೆ. ಮೇಷ್ಟ್ರಮ್ಮನವರಿಗೆ ವಿಶೇಷ ನಮಸ್ಕಾರ. ಆ ಮನೆಗೆ ಹೋಗುವುದನ್ನೇ ನಾನು ಮುಂದೂಡುತ್ತ ಬಂದಿದ್ದೆ ಎಂಬುದು ಇದನ್ನು ಓದುವಾಗ ಅರಿವಾಯಿತು. ಮೂರು ವಾರ ಬೇರೆ ಬೇರೆ ಕಾರಣ ಬರೆದು ಭೇಟಿ ತಪ್ಪಿಸಿದ್ದೇನೆ. ಇಂದು ಫೋನ್ ಮಾಡಿ ಗುರುವಾರ ಹನ್ನೊಂದು ಗಂಟೆಗೆ ಬರುತ್ತೇನೆಂದು ಹೇಳಿದ್ದೇನೆ. ಯಜಮಾನರು "ಬಾಮ್ಮ, ಕಾಯ್ತಿದ್ದೆ" ಎಂದರು.

ಹೋಗುವ ಮೊದಲು ದಾನಪತ್ರದ ಬಗ್ಗೆ ನನಗೆ ಕನಿಷ್ಠ ಎಷ್ಟು ಗೊತ್ತಿರಬೇಕು? ಹಾಗೆಯೇ, ಅಮ್ಮನವರ ಮರೆವು ಯಾವಾಗಿನಿಂದ ಎಂದು ನಾನೂ ಕೇಳಿರಲಿಲ್ಲ. ಅದನ್ನು ಬರೆದುಕೊಂಡಿದ್ದೇನೆ.

ಉತ್ತರ 6: ನಿವೃತ್ತ ಮೇಲ್ವಿಚಾರಕಿ, ಬಸವನಗುಡಿ

ಗುರುವಾರಕ್ಕೆ ಇಷ್ಟು ಸಾಕು. ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ 2007ರ 23ನೇ ಸೆಕ್ಷನ್ ಪ್ರಕಾರ, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿಯನ್ನು ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆಯನ್ನು ಅನೂರ್ಜಿತವೆಂದು ಘೋಷಿಸುವಂತೆ ನ್ಯಾಯಮಂಡಳಿಯನ್ನು ಕೇಳಬಹುದು. ಪ್ರಶ್ನೆಯೆಲ್ಲ "ಷರತ್ತು" ಎಂಬ ಪದದ ಮೇಲೆ ನಿಂತಿದೆ. ಅಂಥ ಷರತ್ತು ಇತ್ತೆಂದು ತೋರಿಸಬೇಕು, ಪ್ರೀತಿ ವಿಶ್ವಾಸದಿಂದ ಕೊಟ್ಟೆ ಎಂದಷ್ಟೇ ಇದ್ದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ, ಇದು ಹಿರಿಯರ ಹಿತಕ್ಕಾಗಿ ಮಾಡಿದ ಕಾಯ್ದೆಯಾದ್ದರಿಂದ ಉದಾರವಾಗಿ ಅರ್ಥೈಸಬೇಕು ಎಂದು ಹೇಳಿ, ದಾನಪತ್ರದ ಜೊತೆಗೆ ಮಗ ಬರೆದುಕೊಟ್ಟಿದ್ದ ವಚನಪತ್ರವನ್ನೂ ಪರಿಗಣಿಸಿ ತಾಯಿಯ ಪರವಾಗಿ ತೀರ್ಪಿತ್ತಿತು. ಆದ್ದರಿಂದ ಆ ಪತ್ರದಲ್ಲಿ ಏನು ಬರೆದಿದೆ ಎಂದು ನೋಡದೆ ಆಗುತ್ತದೆ ಎಂದಾಗಲಿ, ಆಗುವುದಿಲ್ಲ ಎಂದಾಗಲಿ ನೀವು ಹೇಳಕೂಡದು.

ಮಕ್ಕಳಿಂದ ತಿಂಗಳು ತಿಂಗಳು ಪಡೆಯುವ ಜೀವನಾಂಶ ಬೇರೆಯೇ ದಾರಿ. ಮನೆ ವಾಪಸು ಬಂದರೂ ಬಾರದಿದ್ದರೂ ಅದನ್ನು ಕೇಳಬಹುದು. ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಹೋಗಬೇಕು. ಅವರಿಗೆ ಸ್ವತಃ ಆಗದಿದ್ದರೆ ಅವರು ಅಧಿಕಾರ ಕೊಟ್ಟ ವ್ಯಕ್ತಿ ಅಥವಾ ಸಂಸ್ಥೆ ಸಲ್ಲಿಸಬಹುದು. ನೋಟಿಸ್ ಜಾರಿಯಾದ 90 ದಿನದೊಳಗೆ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಒಮ್ಮೆ 30 ದಿನ ವಿಸ್ತರಿಸಬಹುದು ಎಂದು ಕಾಯ್ದೆ ಹೇಳುತ್ತದೆ. ತಿಂಗಳಿಗೆ 10,000 ರೂಪಾಯಿ ಅದರ ಮಿತಿ. ವಕೀಲರು ಪ್ರತಿನಿಧಿಸುವಂತಿಲ್ಲ ಎಂದು 17ನೇ ಸೆಕ್ಷನ್‌ನಲ್ಲಿದ್ದರೂ ಕೇರಳ ಹೈಕೋರ್ಟ್ 2021ರಲ್ಲಿ ವಕೀಲರ ಪರವಾಗಿ ತೀರ್ಪು ಕೊಟ್ಟಿರುವುದರಿಂದ, ಆ ವಿಷಯ ಅವರು ಕೇಳಿದರೆ ವಕೀಲರಿಂದಲೇ ಉತ್ತರ ತರಿಸಿ.

ಮುಖ್ಯವಾಗಿ, ಅವರಿಗೆ ನಿಜಕ್ಕೂ ಬೇಕಾದದ್ದು ಮನೆಯೋ, ಮಗ ವಾರಕ್ಕೊಮ್ಮೆ ಬಂದು ಹೋಗುವುದೋ ಎಂದು ಮೊದಲು ಕೇಳಿ. ನನ್ನ ಅನುಭವದಲ್ಲಿ ಎರಡನೆಯದನ್ನು ಕೇಳಲು ನಾಚಿ ಮೊದಲನೆಯದನ್ನು ಕೇಳಿದವರು ಬಹಳ. ಹೊರದೇಶದ ಮಗನನ್ನು ಆ ಹೊತ್ತಿಗೆ ಕರೆಯಲ್ಲಿ ಸೇರಿಸಬೇಡಿ. ಆಸ್ತಿಯ ಮಾತನ್ನು ಯಾರ ಮುಂದೆ ಆಡಬೇಕೆಂದು ತೀರ್ಮಾನಿಸುವವರು ಯಜಮಾನರು.

ದಾನಪತ್ರದ ಪ್ರತಿ ಮನೆಯಲ್ಲಿಲ್ಲ ಎಂದರೆ ಗಾಬರಿಯಾಗಬೇಡಿ. ನೋಂದಣಿಯಾದ ಉಪನೋಂದಣಾಧಿಕಾರಿ ಕಚೇರಿಯಿಂದ ದೃಢೀಕೃತ ನಕಲು ಸಿಗುತ್ತದೆ. ನೋಂದಣಿಯ ವರ್ಷ ಮತ್ತು ದಸ್ತಾವೇಜಿನ ಸಂಖ್ಯೆಯನ್ನು ಹುಡುಕಿಡಲು ಇಂದೇ ಫೋನಿನಲ್ಲಿ ಹೇಳಿಬಿಡಿ, ಗುರುವಾರ ನಿಮ್ಮಿಬ್ಬರ ಸಮಯವೂ ಉಳಿಯುತ್ತದೆ. ಕಾಫಿ ಕೊಟ್ಟರೆ ಕುಡಿಯಿರಿ.